ದೋಣಿ ಮುಳುಗಿದ್ದಕ್ಕೆ ಮೂರು ಸಾಕ್ಷಿ

ಗಿರಿಮಲ್ಲಪ್ಪ ಮಾಸ್ತರರ ತಲೆ ಕೆಡಿಸಿದ್ದು ಮುಧೋಳ. ಆ ಊರು ಏನೂ ಮಾಡಿರಲಿಲ್ಲ, ಪಾಪ. ತನ್ನ ಪಾಡಿಗೆ ತಾನು ಘಟಪ್ರಭೆಯ ದಂಡೆಯ ಮೇಲೆ ಇತ್ತು. ಆದರೆ ಜಮಖಂಡಿ ತಾಲೂಕಿನ ತುಂಬರಗಿಯ ಸರಕಾರಿ ಸಾಲೆಯ ಏಳನೆಯ ಇಯತ್ತೆಯ ಇಪ್ಪತ್ತೆಂಟು ಮಕ್ಕಳು, ಎಂಬತ್ತೇಳನೆಯ ಇಸವಿಯ ಜುಲೈ ತಿಂಗಳ ಒಂದು ಸೋಮವಾರ, ಇಪ್ಪತ್ತೆಂಟು ನೋಟುಬುಕ್ಕಿನಲ್ಲಿ 'ಮುಧೋಳವು ಕೃಷ್ಣಾ ನದಿಯ ದಂಡೆಯ ಮೇಲಿದೆ' ಎಂದು ಬರೆದು ತಂದಿದ್ದರು. ಅಕ್ಷರ ಮಾತ್ರ ಮುತ್ತಿನಂತಿದ್ದವು. ಅದನ್ನು ನೋಡಿ ಮಾಸ್ತರರಿಗೆ ಇನ್ನಷ್ಟು ಸಿಟ್ಟು ಬಂತು.

"ಯಾರಲೇ ಇದನ್ನ ಮೊದಲ ಬರದಾಂವ?"

ಇಪ್ಪತ್ತೇಳು ಬೆರಳು ಹುಲೆಪ್ಪನ ಕಡೆಗೆ ಎದ್ದವು.

"ನಿನಗ ಯಾರು ಹೇಳಿದ್ರು?"

"ನಮ್ಮ ಕಾಕಾ ಹೇಳಿದ್ರಿ."

"ನಿಮ್ಮ ಕಾಕಾ ಮುಧೋಳ ನೋಡ್ಯಾನೇನು?"

"ಇಲ್ರಿ. ಬೀಳಗಿ ಮಟಾ ಅಷ್ಟ ಹೋಗ್ಯಾನ್ರಿ."

ನಗು ತಡೆಯಲು ಮಾಸ್ತರರು ಹಲಗೆಯ ಕಡೆ ತಿರುಗಿ ನಿಂತರು. ಆಮೇಲೆ ಖಡಕ್ಕಾಗಿ ಹೇಳಿದರು: "ಇಪ್ಪತ್ತೆಂಟು ಮಂದಿ ಬರದೀರಿ ಅಂದ್ರ ಇಪ್ಪತ್ತೆಂಟು ಸಾಕ್ಷಿ ಆಗೂದಿಲ್ಲ. ಸಾಕ್ಷಿ ಒಂದ. ಅದೂ ಬೀಳಗಿ ಮಟಾ ಹೋಗಿ ಬಂದದ್ದು."

ಅಂದಿನಿಂದ ಆ ವರ್ಗಕ್ಕೆ ಒಂದು ಕಾಯದೆ ಬಂತು. ಏನೇ ಬರೆಯಲಿ, ಮೂರು ಸಾಕ್ಷಿ ಬೇಕು. ಒಂದು ಕಣ್ಣಾರೆ ಕಂಡವರದು, ಒಂದು ಕಾಗದದ್ದು, ಇನ್ನೊಂದು ಈ ಎರಡಕ್ಕೂ ಸಂಬಂಧವಿಲ್ಲದ್ದು. ಒಬ್ಬರು ಇನ್ನೊಬ್ಬರಿಂದ ಕೇಳಿ ಹೇಳಿದ್ದರೆ ಇಬ್ಬರೂ ಸೇರಿ ಒಂದೇ ಲೆಕ್ಕ. ಪುಟದ ಎಡಕ್ಕೆ ಹೇಳಿದ ಮಾತು, ನಡುವೆ ಹೇಳಿದವರ ಹೆಸರು, ಬಲಕ್ಕೆ ಅವರಿಗೆ ಅದು ಹೇಗೆ ಗೊತ್ತು ಎನ್ನುವುದು. ಬಲಗಡೆ ಖಾಲಿ ಬಿಟ್ಟರೆ ಕಿವಿ ಹಿಂಡುವುದು ಗ್ಯಾರಂಟಿ.

ಮಕ್ಕಳಿಗೆ ಇದೊಂದು ಆಟವಾಯಿತು. ಊರಿಗೆ ಪೀಡೆಯಾಯಿತು. ಕಿರಾಣಿ ಅಂಗಡಿಯವನು ಸಕ್ಕರೆ ತುಟ್ಟಿಯಾಗಿದೆ ಎಂದರೆ "ನಿಮಗ ಹ್ಯಾಂಗ ಗೊತ್ರಿ?" ಜಂಗಮಯ್ಯ ನಾಳೆ ಏಕಾದಶಿ ಎಂದರೆ "ನಿಮಗ ಹ್ಯಾಂಗ ಗೊತ್ರಿ?" ನಿನ್ನ ಹೆತ್ತಾಕಿ ನಾನೇ ಎಂದ ತಾಯಿಗೂ ಒಬ್ಬ ಅದನ್ನೇ ಕೇಳಿ ಲಟ್ಟಣಿಗೆಯ ಏಟು ತಿಂದ. ದೂರು ಬಂದಾಗಲೆಲ್ಲ ಮಾಸ್ತರರು ಮೀಸೆಯೊಳಗೇ ಹಿಗ್ಗುತ್ತಿದ್ದರು. ಹದಿನೇಳು ವರ್ಷದ ನೌಕರಿಯಲ್ಲಿ ಮಕ್ಕಳು ಹೀಗೆ ಕಲಿತದ್ದನ್ನು ಅವರು ಕಂಡಿರಲಿಲ್ಲ.

ಆಗಸ್ಟಿನಲ್ಲಿ ಅವರು ಇನ್ನೊಂದು ಹಂಚಿಕೆ ಹಾಕಿದರು. ವರ್ಗದವರೆಲ್ಲ ಸೇರಿ ಕೈಯಿಂದಲೇ ಬರೆದು ಊರಿನ ಒಂದು ಪುಸ್ತಕ ಮಾಡುವುದು. ಒಬ್ಬೊಬ್ಬರಿಗೆ ಒಂದೊಂದು ವಿಷಯ. ಹುಲೆಪ್ಪ ಊರಬಾವಿ ಹಿಡಿದ, ಇನ್ನೊಬ್ಬಳು ಹಳೆಯ ಮಠ ಹಿಡಿದಳು. ಹಿಂದಿನ ಸಾಲಿನಿಂದ ಮಾದೇವಿ ಎದ್ದು ನಿಂತಳು.

"ಸರ, ನಾ ದೋಣಿ ಮುಳುಗಿದ್ದು ಬರೀತೇನ್ರಿ."

ವರ್ಗವೆಲ್ಲ ಹಿಂದಕ್ಕೆ ತಿರುಗಿ ನೋಡಿತು. ಆ ಊರಿನಲ್ಲಿ ದೋಣಿ ಮುಳುಗಿದ್ದು ಒಂದೇ ಸಲ, ಐವತ್ತೇಳನೆಯ ಇಸವಿಯ ಶ್ರಾವಣದಲ್ಲಿ. ಅದನ್ನು ನಡೆಸುತ್ತಿದ್ದವನು ಅಂಬಿಗರ ಮುದಕಪ್ಪ, ಮಾದೇವಿಯ ಅಜ್ಜ. ಕುಡಿದು ದೋಣಿ ಹಾಕಿದ, ಐದು ಮಂದಿಯನ್ನು ಕೊಂದು ತಾನೂ ಸತ್ತ ಎಂದು ಊರಿನ ಹಸುಗೂಸಿಗೂ ಗೊತ್ತು. ಆಮೇಲೆ ಆ ಮನೆತನದ ದೋಣಿಗೆ ಯಾರೂ ಕಾಲಿಡಲಿಲ್ಲ. ಮುದಕಪ್ಪನ ಮಗ ದೊಡ್ಡವನಾಗಿ ಬನಹಟ್ಟಿಗೆ ಹೋಗಿ ಮಗ್ಗದ ಕೂಲಿಗೆ ನಿಂತ. ಮಾದೇವಿ ಅಜ್ಜಿ ಯಂಕವ್ವನ ಹತ್ತಿರ ಉಳಿದು ಸಾಲೆ ಕಲಿಯುತ್ತಿದ್ದಳು. ನಳದ ಹತ್ತಿರ ಕೊಡಕ್ಕಾಗಿ ಜಗಳವಾದರೆ ಹೆಂಗಸರು ಅವಳಿಗೆ ಬೇರೆ ಬೈಗುಳ ಹುಡುಕುತ್ತಿರಲಿಲ್ಲ; 'ಕುಡುಕ ಅಂಬಿಗನ ಮೊಮ್ಮಗಳು' ಎಂದರೆ ಮುಗಿಯಿತು.

ಸತ್ತ ಐವರಲ್ಲಿ ಒಬ್ಬಳು ಗಿರಿಮಲ್ಲಪ್ಪ ಮಾಸ್ತರರ ಅಕ್ಕ ಇಂದ್ರವ್ವ. ಹತ್ತೊಂಬತ್ತು ವರ್ಷ. ಅದೇ ದೋಣಿಯಲ್ಲಿ ಒಂಬತ್ತು ವರ್ಷದ ಮಾಸ್ತರರೂ ಇದ್ದರು. ಬದುಕಿ ಬಂದರು.

"ಬ್ಯಾರೆ ಏನರ ಹಿಡಿ," ಎಂದರು ಮಾಸ್ತರರು.

"ಕುಡದಿದ್ರ ಕುಡದಿದ್ದ ಅಂತ ಬರೀತೇನ್ರಿ," ಎಂದಳು ಹುಡುಗಿ. ನಿಂತೇ ಇದ್ದಳು. "ಹುಟ್ಟಿದಾಗಿಂದ ಮಂದಿ ಅನ್ನೂದು ಕೇಳೇನ್ರಿ. ಒಮ್ಮೆ ನಾನ ಕೇಳಿ ತಿಳಕೋತೇನ್ರಿ."

ಇಲ್ಲವೆನ್ನುವಂತಿರಲಿಲ್ಲ. ತಾನೇ ಕಲಿಸಿದ ವಿದ್ಯೆ. ಇನ್ನೊಂದು ಮಾತೂ ಅವರ ಹೊಟ್ಟೆಯಲ್ಲಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ: ಕೇಳಲಿ, ಮೂರಲ್ಲ ಮೂವತ್ತು ಸಾಕ್ಷಿ ಸಿಗುತ್ತವೆ, ಒಂದು ಸಲ ಅತ್ತು ಹಗುರಾಗಲಿ ಎಂದುಕೊಂಡರು. ಅಂಬಿಗ ಕುಡಿದಿದ್ದ ಎನ್ನುವುದು ಅವರಿಗೆ ಸೂರ್ಯ ಮೂಡುವುದು ಯಾವ ದಿಕ್ಕು ಎಂಬಷ್ಟು ಗೊತ್ತಿದ್ದ ಮಾತು.

"ಬರಿ," ಎಂದರು. "ಆದ್ರ ಬಲಗಡೆ ಖಾಲಿ ಇರಬಾರದು."

ಮೊದಲ ವಾರ ಅವಳ ನೋಟುಬುಕ್ಕಿನಲ್ಲಿ ಒಂದೇ ಸಾಲು ಇತ್ತು. 'ಅಜ್ಜ ಕುಡಿದಿದ್ದ.' ಹೇಳಿದವರು: ಅಜ್ಜಿ ಯಂಕವ್ವ. ಹೇಗೆ ಗೊತ್ತು: 'ಊರಿಗೂರೇ ಹೇಳುತ್ತದೆ.' ಮಾಸ್ತರರು ಕೆಂಪು ಶಾಯಿಯಲ್ಲಿ 'ಇದು ಸಾಕ್ಷಿಯಲ್ಲ' ಎಂದು ಬರೆದರು. ಕಟ್ಟಿಕೊಂಡ ಹೆಂಡತಿಯೇ ಒಪ್ಪಿದ ಮೇಲೆ ಈ ಕೂಸು ಇನ್ನೇನು ಹುಡುಕುತ್ತದೆ?

ಕೂಸು ಹುಡುಕಿತು. ದೋಣಿಯಲ್ಲಿದ್ದು ಬದುಕಿದವರಲ್ಲಿ ಆಗ ಊರಲ್ಲಿ ಉಳಿದಿದ್ದವರು ಮೂವರೇ. ಹಾಲವ್ವ, ಧರೆಪ್ಪ, ಮತ್ತೆ ಮಾಸ್ತರರು. ಹಾಲವ್ವನ ಸಾಲಿನಲ್ಲಿ ಹೀಗಿತ್ತು: 'ಕುಡಿದಿದ್ದ. ಹೇಗೆ ಗೊತ್ತು: ನಾನು ದೋಣಿಯ ಹಿಂದೆ ಕೂತಿದ್ದೆ, ಅಂಬಿಗನ ಮುಖ ಕಾಣಲಿಲ್ಲ. ಆಮೇಲೆ ಶಿವಯೋಗೆಪ್ಪನವರ ಮನೆಗೆ ಹೋಗಿ ಬಂದ ಅತ್ತೆ ಹೇಳಿದಳು.' ಧರೆಪ್ಪನದು: 'ಕುಡಿದಿದ್ದ. ಹೇಗೆ ಗೊತ್ತು: ಶಿವಯೋಗೆಪ್ಪನವರ ಮನೆಗೆ ದುಃಖ ಕೇಳಲು ಹೋದಾಗ ಅಲ್ಲಿ ಮಾತಾಡುತ್ತಿದ್ದರು.' ಶಿವಯೋಗೆಪ್ಪ ಎಂದರೆ ಮಾಸ್ತರರ ಅಪ್ಪ. ತೀರಿಹೋಗಿ ಹತ್ತು ವರ್ಷವಾಗಿತ್ತು. ಧರೆಪ್ಪನ ಸಾಲಿನ ಕೆಳಗೆ ಇನ್ನೊಂದಿತ್ತು: 'ದೋಣಿ ಮುಳುಗಿದ್ದು ಆಕಳು ಎದ್ದು ಕುಣಿದಾಡಿದ್ದಕ್ಕೆ. ಹೇಗೆ ಗೊತ್ತು: ಅದರ ಕಾಲು ನನ್ನ ಎದೆಗೆ ಬಿತ್ತು.'

ಮಾಸ್ತರರು ಆ ಸಾಲನ್ನು ಎರಡು ಸಲ ಓದಿದರು. ಕೆಂಪು ಶಾಯಿ ಮುಟ್ಟಲಿಲ್ಲ.

ಕಾಗದದ ಸಾಕ್ಷಿಗೆ ರವಿವಾರ ನಾಲ್ಕು ಮಕ್ಕಳನ್ನು ಜಮಖಂಡಿಯ ವಾಚನಾಲಯಕ್ಕೆ ಕರೆದುಕೊಂಡು ಹೋದರು. ಧೂಳು ಹಿಡಿದ ಹಳೆಯ ಪೇಪರಿನ ಕಟ್ಟು ಬಿಚ್ಚಿಸಿದರು. ಸೀನಿ ಸೀನಿ ಮಾದೇವಿಯ ಕಣ್ಣು ಕೆಂಪಾದವು. ಕೊನೆಗೆ ಸಿಕ್ಕಿತು, ನಾಲ್ಕು ಬೆರಳಿನ ಸುದ್ದಿ: ಅಂಬಿಗನ ಮದ್ಯಪಾನದಿಂದ ಏಳು ಜನರ ಜಲಸಮಾಧಿ, ಅದರ ಕೆಳಗೆ ಹೆಸರುಗಳು. ಅವಳು ಒಂದಕ್ಷರ ಬಿಡದೆ ಇಳಿಸಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ತಿರುಗಿ ತಿರುಗಿ ಓದಿದಳು. ಮುಗಿಯಿತಲ್ಲ ಎಂದುಕೊಂಡರು ಮಾಸ್ತರರು. ಅವಳಿಗೆ ಶೇಂಗಾ ಕೊಡಿಸಿದರು, ಅದನ್ನೂ ತಿನ್ನಲಿಲ್ಲ.

ಮುಗಿದಿರಲಿಲ್ಲ. ಮರುದಿನ ಹುಡುಗಿ ಬಸಗೊಂಡಪ್ಪ ಗೌಡರ ಮನೆಗೆ ಹೋದಳು. ದೋಣಿ ಮುಳುಗಿದಾಗ ಗೌಡರು ಊರಿನ ಪೊಲೀಸ್ ಪಾಟೀಲರು; ಪಂಚನಾಮೆ ಬರೆದವರು ಅವರೇ, ಅದರ ನಕಲು ಇನ್ನೂ ಅವರ ಟ್ರಂಕಿನಲ್ಲಿತ್ತು. ಅಲ್ಲಿ ಏನಾಯಿತೆಂಬುದನ್ನು ಮಂಗಳವಾರ ಸಾಲೆ ಬಿಟ್ಟ ಮೇಲೆ ಖಾಲಿ ವರ್ಗದಲ್ಲಿ ಮಾಸ್ತರರ ಮೇಜಿನ ಮುಂದೆ ನಿಂತು ಹೇಳಿದಳು.

"ಪಂಚನಾಮ್ಯಾಗ ಏಳು ಮಂದಿ ಸತ್ರು ಅಂತ ಐತ್ರಿ, ಹೆಸರು ಆರ ಅದಾವ್ರಿ. ಪೇಪರಿನ್ಯಾಗೂ ಏಳಂತ ಐತಿ, ಹೆಸರು ಆರ. ಒಂದ ತಪ್ಪು ಎರಡೂ ಕಡೆ ಐತ್ರಿ. ಪೇಪರಿನವ್ರು ಪಂಚನಾಮಿ ನೋಡೇ ಬರದಾರ್ರಿ. ಅಂದ್ರ ಎರಡೂ ಸೇರಿ ಒಂದ ಸಾಕ್ಷಿ, ಹೌದಿಲ್ರಿ?"

ಎಂಥ ಹುಡುಗಿ! ತಾನೇ ಕಲಿಸಿದ್ದು, ಆದರೆ ತನಗೇ ಕಾಣದ್ದು ಅವಳಿಗೆ ಕಂಡಿತ್ತು. "ಶಾಬಾಸ್," ಎಂದರು. ಮನಸ್ಸಿನಿಂದ ಎಂದರು.

"ಗೌಡ್ರನ್ನ ಕೇಳಿದ್ನಿರಿ, ಕುಡದಿದ್ದು ನಿಮಗ ಹ್ಯಾಂಗ ಗೊತ್ರಿ ಅಂತ. ಅಂಬಿಗನ ಹೆಣಾ ಮೂರು ದಿನಕ್ಕ ಸಿಕ್ಕಿತ್ತು, ಅದರಾಗೇನು ತಿಳೀತೈತಿ, ಶಿವಯೋಗೆಪ್ಪ ಬರಿಸಿದಾ ನಾ ಬರದೆ ಅಂದ್ರು. ಅವರು ದೋಣಿಯಾಗ ಇರಲಿಲ್ಲಲ್ರಿ, ದಂಡಿ ಮ್ಯಾಲ ಇದ್ರಲ್ರಿ ಅಂದೆ. ಅದಕ್ಕ ಗೌಡ್ರು..." ಹುಡುಗಿ ಕೈಯಲ್ಲಿದ್ದ ನೋಟುಬುಕ್ಕಿನ ಕಡೆ ನೋಡಿದಳು. "ಮನ್ಯಾಗಿನ ಹುಡುಗ ಹೇಳಿದನಂತ ಅಂದ್ರು."

ನೋಟುಬುಕ್ಕು ಬಿಚ್ಚಿ ಮೇಜಿನ ಮೇಲಿಟ್ಟಳು. ಹೆಸರುಗಳನ್ನೆಲ್ಲ ಬರೆದು, ಯಾರಿಗೆ ಯಾರಿಂದ ಮಾತು ಬಂತೆಂದು ಅಡಿಪಟ್ಟಿ ಹಿಡಿದು ಗೆರೆ ಎಳೆದಿದ್ದಳು. ಪೇಪರಿನಿಂದ ಪಂಚನಾಮೆಗೆ, ಪಂಚನಾಮೆಯಿಂದ ಗೌಡರಿಗೆ, ಗೌಡರಿಂದ ಶಿವಯೋಗೆಪ್ಪನಿಗೆ. ಹಾಲವ್ವನ ಅತ್ತೆಯ ಗೆರೆಯೂ ಅಲ್ಲಿಗೇ ಬಂದಿತ್ತು, ಧರೆಪ್ಪನದೂ ಅಲ್ಲಿಗೇ. ಶಿವಯೋಗೆಪ್ಪನಿಂದ ಇನ್ನೊಂದು ಗೆರೆ ಹೊರಟು ಖಾಲಿ ಜಾಗದಲ್ಲಿ ನಿಂತಿತ್ತು. ಅಲ್ಲಿ ಹೆಸರು ಬರೆಯಲು ಅವಳಿಗೆ ಧೈರ್ಯ ಸಾಲದಾಗಿತ್ತು.

"ಸರ," ಎಂದಳು ಕೆಳಗೆ ನೋಡುತ್ತ, "ನಿಮಗ ಹ್ಯಾಂಗ ಗೊತ್ರಿ?"

ಮಾಸ್ತರರು ನೋಟುಬುಕ್ಕನ್ನು ಫಟ್ಟನೆ ಮುಚ್ಚಿದರು. "ಮನಿಗೆ ನಡಿ. ಹೊತ್ತಾತು."

ಎರಡು ದಿನ ಅವರು ಸಾಲೆಯಲ್ಲಿ ಗಣಿತ ಬಿಟ್ಟು ಬೇರೇನೂ ಕಲಿಸಲಿಲ್ಲ. ಹುಲೆಪ್ಪನಿಗೆ ಕಾರಣವಿಲ್ಲದೆ ಒಂದು ಬಿಟ್ಟರು. ಮಾದೇವಿಯ ಕಡೆ ನೋಡಲಿಲ್ಲ. ಮೂವತ್ತು ವರ್ಷ ನೋಡದೇ ಇದ್ದ ಇನ್ನೊಂದು ಕಡೆ ಮಾತ್ರ ಕಣ್ಣು ಹೋಗಿಬಿಟ್ಟಿತ್ತು, ಅದನ್ನು ಎಳೆದು ತರಲು ಆಗಲಿಲ್ಲ.

ಪಂಚಮಿಗೆ ತವರಿಗೆ ಬಂದ ಇಂದ್ರವ್ವ ಹೊಳೆ ತುಂಬಿ ಬಂದದ್ದರಿಂದ ಹದಿನೈದು ದಿನ ಉಳಿದಿದ್ದಳು. ಆಚೆ ದಂಡೆಯ ಬೀಗರು ಸೊಸೆಯನ್ನು ಕಳಿಸಿರೆಂದು ಕೂಗಿ ಕೂಗಿ ಹೇಳಿದ್ದರು. ನೀರು ಇಳಿದ ಮೊದಲ ದಿನವೇ ಅಪ್ಪ ಅಕ್ಕನನ್ನು ಕಳಿಸಲು ಹೊರಟ. ಜೊತೆಗೆ ಒಂದು ಹೆಡಿಗೆ ಉಂಡಿ, ಟ್ರಂಕು, ಮಗಳ ಮನೆಗೆಂದು ಒಂದು ಆಕಳು, ಕರು. ಕಳಿಸಿಬರಲು ತಮ್ಮ ಗಿರಿಮಲ್ಲ. ಮುದಕಪ್ಪ ಕೈ ಮುಗಿದು ಹೇಳಿದ್ದ: "ಧಣಿ, ಸೆಳವು ಇನ್ನೂ ಐತ್ರಿ. ಮೊದಲ ಮಂದೀನ ಬಿಟ್ಟು ಬರತೇನ್ರಿ, ದನಾ ಎರಡನೇ ಸಲಕ್ಕ ಒಯ್ಯೂಣ್ರಿ." ಅಪ್ಪ ಕೇಳಲಿಲ್ಲ. "ಎರಡ ಸಲ ಯಾಕೋ? ಕೂಲಿ ಎರಡ ಸಲ ಬೇಕೇನು?" ಎಂದು ನಾಲ್ಕು ಜನರ ಮುಂದೆ ಗದರಿದ. ಮುದಕಪ್ಪ ಆಕಳು, ಕರು ಹತ್ತಿಸಿಕೊಂಡ. ಹುಡುಗನನ್ನು ಎರಡೂ ಕೈಯಿಂದ ಎತ್ತಿ ದೋಣಿಯಲ್ಲಿ ಕೂರಿಸಿದ.

ಆಗಲೇ ಬಂದದ್ದು ಆ ವಾಸನೆ. ಹುಳಿತ ಬೆಲ್ಲದಂಥದು.

ನಡುನೀರಿನಲ್ಲಿ ಕರು ಕಾಲು ಜಾರಿ ಬಿತ್ತು, ಆಕಳು ಬೆದರಿ ಎದ್ದಿತು, ದೋಣಿ ಮಗುಚಿತು. ಮುದಕಪ್ಪ ಹುಡುಗನ ಜುಟ್ಟು ಹಿಡಿದು ದಂಡೆಗೆ ಎಳೆದು ತಂದ. ತಂದು ಹಾಕಿ ಮತ್ತೆ ಹಾರಿದ. ಹಾಲವ್ವನನ್ನು ತಂದ. ಮತ್ತೆ ಹಾರಿದ. ಆ ಸಲ ಬರಲಿಲ್ಲ.

ಆ ಸಂಜೆ ಪಡಸಾಲೆಯಲ್ಲಿ ಅಪ್ಪ ತಲೆ ಕೆಳಗೆ ಹಾಕಿ ಕೂತಿದ್ದ. ಅವ್ವ ಎದೆ ಬಡಿದುಕೊಂಡು "ಎರಡ ಸಲ ಅಂದಿದ್ನಲ್ಲೋ ಅಂವ, ಎರಡ ಸಲ ಅಂದಿದ್ನಲ್ಲೋ" ಎಂದು ಅದೊಂದನ್ನೇ ಹೇಳಿ ಅಳುತ್ತಿದ್ದಳು. ಅಪ್ಪನನ್ನು ನೋಡಿ ಹುಡುಗನಿಗೆ ಹೆದರಿಕೆಯಾಯಿತು. ಏನಾದರೂ ಹೇಳಬೇಕೆನಿಸಿತು. "ಅಂವನ ಮೈಯಾಗ ಕೆಟ್ಟ ವಾಸನಿ ಬರಾಕತ್ತಿತ್ತು," ಎಂದ.

ಅಪ್ಪ ತಲೆ ಎತ್ತಿದ. "ದಾರೂ ವಾಸನ್ಯಾ?"

ಆ ಮನೆಯಲ್ಲಿ ದಾರೂ ಎಂಬುದರ ಹೆಸರು ಸಹ ಹೊಸ್ತಿಲು ದಾಟಿದ್ದಿಲ್ಲ. ಅದರ ವಾಸನೆ ಹೇಗಿರುತ್ತದೆಂದು ಹುಡುಗನಿಗೆ ಏನು ಗೊತ್ತು? ಆದರೆ ಅಪ್ಪ ಕೇಳಿದ್ದ, ಅಪ್ಪ ತಲೆ ಎತ್ತಿದ್ದ. ಹುಡುಗ ಹ್ಞೂಂ ಎಂದ.

ಅಷ್ಟೇ. ಪಂಚನಾಮೆ, ಪೇಪರು, ಊರಿನ ಬಾಯಿ, ಮೂವತ್ತು ವರ್ಷ, ಎಲ್ಲದಕ್ಕೂ ತಳದಲ್ಲಿ ಇದ್ದದ್ದು ಆ ಒಂದು ಹ್ಞೂಂ. ಇದನ್ನು ಮಾಸ್ತರರು ಮರೆತಿದ್ದರೆಂದರೆ ಸುಳ್ಳು. ವಾಸನೆ ನೆನಪಿತ್ತು, ಎರಡು ಸಲ ಹೋಗೋಣ ಎಂದದ್ದೂ ನೆನಪಿತ್ತು. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ಊರೆಲ್ಲ ಹೇಳುತ್ತಿದ್ದುದರಿಂದ ತಮಗೆ ಗೊತ್ತಿದ್ದದ್ದು ಖರೆಯೇ ಇರಬೇಕೆಂದು ನಂಬಿದ್ದರು. ಊರು ತಮ್ಮ ಮಾತನ್ನೇ ತಮಗೆ ತಿರುಗಿ ಹೇಳುತ್ತಿದೆಯೆಂದು ಹೊಳೆಯಲಿಲ್ಲ. ಇಪ್ಪತ್ತೆಂಟು ಮಕ್ಕಳ ಕಿವಿ ಹಿಂಡಿದ ಮಹಾಶಯ!

ಶನಿವಾರ ಮಾದೇವಿಯ ನೋಟುಬುಕ್ಕು ಇಸಿದುಕೊಂಡು ತಮ್ಮ ಕೈಯಾರೆ ಬರೆದರು. ಹೇಳಿದವರು: ಗಿರಿಮಲ್ಲಪ್ಪ ಶಿವಯೋಗೆಪ್ಪ, ದೋಣಿಯಲ್ಲಿದ್ದವನು. ಅಪ್ಪನ ಗದರಿಕೆ ಬರೆದರು, ಆಕಳು ಬರೆದರು, ಜುಟ್ಟು ಹಿಡಿದು ಎಳೆದು ತಂದದ್ದು ಬರೆದರು. ಕೊನೆಗೆ: 'ಒಂದು ವಾಸನೆ ಬಂದಿತ್ತು. ಅದು ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೌದೆಂದೆ.' ಅಪ್ಪನ ಹೆಸರಿಗೆ ಮಸಿ ಬಳಿದ ಮಗ ಎಂದು ನಾಳೆ ಊರು ಅನ್ನಬಹುದು. ಅನ್ನಲಿ.

ರವಿವಾರ ಬೆಳಿಗ್ಗೆ ಮಾದೇವಿಯ ಹಿಂದೆ ಅಂಬಿಗರ ಓಣಿಗೆ ಹೋದರು. ಯಂಕವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮಾಸ್ತರರನ್ನು ಕಂಡು ಗಾಬರಿಯಾಗಿ ಎದ್ದಳು. "ಹುಡುಗಿ ಏನರ ಮಾಡೇತೇನ್ರಿ ಮಾಸ್ತರ?"

"ಆಕಿ ಏನೂ ಮಾಡಿಲ್ಲ ಯಂಕವ್ವಾಯಿ. ನೀವು ಕುಂಡರ್ರಿ."

ಅವರು ಕಟ್ಟೆಯ ಮೇಲೆ ಕೂರಲಿಲ್ಲ. ನೆಲದ ಮೇಲೆ ಅವಳೆದುರು ಕೂತು ಬರೆದದ್ದನ್ನು ಓದಿದರು. ಮುದುಕಿ ಬೈಯಬಹುದು, ಮೊರ ಎತ್ತಿ ಹೊಡೆಯಬಹುದು, ಹೊಡೆದರೆ ಛಲೋ ಎಂದು ಕಾಯುತ್ತ ಕೂತರು. ಯಂಕವ್ವ ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಆ ವಾಸನಿ ಅಂವನ ಬಾಯಿಂದ ಬಂತೋ ತಮ್ಮಾ, ಮೈಮ್ಯಾಲಿನ ಅರಿವಿಂದ ಬಂತೋ?"

ಮಾಸ್ತರರು ಕಣ್ಣು ಮುಚ್ಚಿ ನೋಡಿದರು. ಎತ್ತುವಾಗ ಮುಖ ಅವನ ಹೆಗಲಿಗೆ ತಾಗಿತ್ತು. ಹೆಗಲ ಮೇಲೆ ಒದ್ದೆ ವಸ್ತ್ರವಿತ್ತು. "ಅರಿವಿಂದ, ಎವ್ವಾ. ಹೆಗಲ ಮ್ಯಾಲಿನ ವಸ್ತ್ರದಿಂದ."

ಯಂಕವ್ವನ ಕೈಯಿಂದ ಮೊರ ಜಾರಿ ಜೋಳ ಚೆಲ್ಲಿತು.

"ಅದು ನಾ ಸುರುವಿದ್ದು," ಎಂದಳು. "ಹೊಳಿ ಇಳದ ಮ್ಯಾಲ ಮೊದಲ ದೋಣಿ ಹಾಕೂವಾಗ ನಮ್ಮ ಮನೆತನದಾಗ ಗಂಗವ್ವ ತಾಯಿಗೆ ಒಂದು ಬಾಟಲಿ ದಾರೂ ಕೊಡೂ ಪದ್ಧತಿ. ಅಂವ ಮುಟ್ಟತಿದ್ದಿಲ್ಲ. ಪಂಢರಪುರಕ್ಕ ನಡಕೊಂಡು ಹೋಗಿ ತುಳಸಿಮಾಲಿ ಹಾಕ್ಕೊಂಡು ಬಂದಿದ್ದ. ನೀನ ಸುರುವು, ನಾ ಮುಖಾ ಆ ಕಡೆ ಮಾಡತೇನಿ ಅಂದ. ದೋಣಿ ಮೂತಿ ಮ್ಯಾಲ ಸುರುವೂ ಮುಂದ ಕೈ ನಡುಗಿ ಅಂವನ ವಸ್ತ್ರದ ಮ್ಯಾಲ ಬಿತ್ತು. ಏನ ಹೆಣಮಗಳ ಅದಿ ಅಂತ ನಕ್ಕ. ತೊಳಕೊಂಡು ಹೋಗಂದ್ರ, ಹೊತ್ತಾತು ಧಣಿ ಬಂದು ನಿಂತಾನ ಅಂದ."

"ಪೊಲೀಸರು ಬಂದಾಗ ಹೇಳಬೇಕಿತ್ತು, ಎವ್ವಾ!"

"ಆಗ ದಾರೂಬಂದಿ ಇತ್ತಲ್ಲೋ. ಬಾಟಲಿ ತಂದಾಕಿ ನಾ ಅಂದ್ರ ನನ್ನ ಒಯ್ಯತಿದ್ರು. ಮಗಾ ಮೂರು ವರ್ಷದಾಂವ." ಅವಳು ಚೆಲ್ಲಿದ ಜೋಳವನ್ನು ನೋಡುತ್ತಿದ್ದಳು, ಬಳಿಯಲಿಲ್ಲ. "ಆದ್ರ ಮಂದಿ ಮುಂದ ಜಗಳಾಡಿದ್ನೆಪಾ. ನನ್ನ ಗಂಡ ಕುಡದಿಲ್ಲ, ಕುಡದಿಲ್ಲ ಅಂತ ಎರಡು ವರ್ಷ ಜಗಳಾಡಿದೆ. ಹೊಲದಾಗ ಅದನ್ನ ಅಂದ್ರು, ಸಂತ್ಯಾಗ ಅದನ್ನ ಅಂದ್ರು. ಪಂಚನಾಮ್ಯಾಗ ಬರದೈತಿ ಅಂದ್ರು. ಪೇಪರಿನ್ಯಾಗ ಬಂದೈತಿ ಅಂದ್ರು. ನಾ ಓದು ಬಾರದಾಕಿ. ಅಷ್ಟು ಮಂದಿ ಸುಳ್ಳು ಹೇಳತಾರೇನು? ನಾನ ತಂದಿದ್ನಲ್ಲ ಬಾಟಲಿ, ನನ್ನ ಕಣ್ಣು ತಪ್ಪಿಸಿ ಒಂದು ಗುಟುಕು ಹಾಕಿದ್ದನೇನೋ, ಇನ್ನೊಂದು ಎಲ್ಲೆರ ಮುಚ್ಚಿ ಇಟ್ಟಿದ್ದನೇನೋ ಅನ್ನಸಾಕತ್ತು. ಆಮ್ಯಾಲ ಹೌದ ಅನ್ನಿಸಿಬಿಡ್ತು."

ಮಾದೇವಿ ಅಜ್ಜಿಯ ಬೆನ್ನ ಮೇಲೆ ಕೈ ಇಟ್ಟಳು. ಮುದುಕಿಗೆ ಅದು ತಿಳಿಯಲೇ ಇಲ್ಲ.

"ಮಾನಮಿ ಅಮಾಸಿಗೆ ಸತ್ತ ಹಿರಿಯಾರಿಗೆಲ್ಲ ಎಡಿ ಹಿಡೀತೇನಿ," ಎಂದಳು. "ಮಾವಗ ಒಂದು, ಅತ್ತಿಗೊಂದು. ಹೌದ ಅನ್ನಿಸಿದ ಮ್ಯಾಲ ಅಂವಗ ಹಿಡದಿಲ್ಲ. ಕುಡದು ಐದು ಮಂದೀನ ಕೊಂದಾಂವಗ ನನ್ನ ಕೈಯಾಗಿಂದು ಯಾಕ ಅಂತ. ಮಾಸ್ತರ, ಅಂವ ನನ್ನ ಮುಂದ ಮುಖಾ ಆ ಕಡೆ ಮಾಡಿ ನಿಂತಿದ್ದ, ನಾ ಕಣ್ಣಾರೆ ಕಂಡಿದ್ನಿ. ಕಂಡಾಕಿ ನಾನ ನಂಬಲಿಲ್ಲ. ಇಪ್ಪತ್ತೆಂಟು ವರ್ಷ ಅಂವನ್ನ ಉಪವಾಸ ಇಟ್ನಿ."